ಬಣ್ಣದ ಕೆಳಗಿನ ನೀರು

ದೀಪಾವಳಿಗೆ ಮುನ್ನ ಮನೆಗೆ ಸುಣ್ಣ ಹೊಡೆಸಿದವರಿಗೆಲ್ಲ ಒಂದು ಅನುಭವವುಂಟು. ಹಳೆಯ ಹಕ್ಕಳೆಯನ್ನು ಕೆರೆಯದೆ ಬಳಿದ ಸುಣ್ಣ ಹಬ್ಬದ ದಿನ ಬೆಳ್ಳಗೆ ನಗುತ್ತದೆ. ಯುಗಾದಿಯ ವೇಳೆಗೆ ಹಕ್ಕಳೆಯ ಸಮೇತ ನೆಲಕ್ಕೆ ಉದುರುತ್ತದೆ. ಗೋಡೆ ಸುಲಿದರೆ ನೆಂಟರು ನಕ್ಕಾರು, ಅಷ್ಟೆ. ದೋಣಿಯ ಮಾತು ಹಾಗಲ್ಲ.

ಗಂಗೊಳ್ಳಿಯ ಬಳಿ, ಪಂಚಗಂಗಾವಳಿ ನದಿ ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ, ಏಪ್ರಿಲ್ ತಿಂಗಳ ಕೊನೆಗೆ ಒಂದು ಫೈಬರ್ ದೋಣಿ ಬೋರಲಾಗಿ ಮಲಗಿತ್ತು. ಒಡೆಯನಿಗೆ ಅವಸರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ನಿಷಿದ್ಧ. ಆ ಎರಡು ತಿಂಗಳು ಅವನಂಥ ನಾಡದೋಣಿಯವರ ಸುಗ್ಗಿ. ಅದಕ್ಕೆ ಮುನ್ನ ಮೇ ತಿಂಗಳ ಸಂಪಾದನೆಯೂ ತಪ್ಪಬಾರದು. ನಾಲ್ಕೇ ದಿನದಲ್ಲಿ ಬಣ್ಣ ಮುಗಿಯಬೇಕು: ಮೈಗೆ ನೀಲಿ, ಅಂಚಿಗೆ ಹಳದಿ, ಮೂತಿಯ ಮೇಲೊಂದು ನವಿಲು. ನವಿಲಿನ ಚಿತ್ರವನ್ನು ಅವನ ಮಗಳು ಶಾಲೆಯ ಪುಸ್ತಕದ ಹಾಳೆಯಲ್ಲಿ ಆಗಲೇ ಬರೆದಿಟ್ಟಿದ್ದಳು.

ಬಣ್ಣಕ್ಕೆ ಬಂದ ಮುದುಕ ಕೆಲಸಗಾರ ಡಬ್ಬಿಗಳ ಕಡೆಗೆ ನೋಡಲೇ ಇಲ್ಲ. ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮೀನೆಣ್ಣೆಯನ್ನೂ ಉಜ್ಜುತ್ತಿದ್ದ ಕಾಲದಿಂದ ಪಳಗಿದ ಕೈ ಅದು. ಬೆರಳಿನ ಗೆಣ್ಣಿನಿಂದ ದೋಣಿಯ ತಳವನ್ನು ಗೇಣು ಗೇಣಾಗಿ ತಟ್ಟುತ್ತ ಹೋದ. ಮೊದಲು ಗಟ್ಟಿಯಾದ ನಾದ. ನಡುವೆ ಒಂದೆಡೆ ಬೊದ್ದು ಸದ್ದು. ಅಲ್ಲಿ ಕಡಲೆಯಷ್ಟು, ಕಾಸಿನಷ್ಟು ಗುಳ್ಳೆಗಳು. ಒಂದನ್ನು ಚುಚ್ಚಿದಾಗ ಹುಳಿ ವಾಸನೆಯ ನೀರು ಜಿನುಗಿತು.

“ಮಾವ, ಮೇಲೆ ಬಣ್ಣ ಬಿದ್ದರೆ ಇದು ಕಾಣುವುದಿಲ್ಲವಷ್ಟೆ?” ಎಂದ ಒಡೆಯ.

“ನಿನಗೆ ಕಾಣುವುದಿಲ್ಲ ಮಗಾ, ನೀರಿಗೆ ಕಾಣುತ್ತದೆ.”

ಫೈಬರ್ ದೋಣಿಯೆಂದರೆ ಗಾಜಿನ ನಾರಿನ ಹಾಸುಗಳನ್ನು ರಾಳದಲ್ಲಿ ನೆನೆಸಿ, ಅಚ್ಚಿನಲ್ಲಿ ಎರಕ ಹೊಯ್ದಂತೆ ಕೂರಿಸಿದ ಮೈ. ಹೊರಗೆ ‘ಜೆಲ್‌ಕೋಟ್’ ಎಂಬ ನುಣುಪಾದ ಪದರ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಮರದಂತೆ ಇದಕ್ಕೆ ಹುಳು ಹಿಡಿಯದು, ನಿಜ. ಆದರೆ ವರ್ಷಗಟ್ಟಲೆ ನೀರಿನಲ್ಲಿದ್ದರೆ ಆ ತೆಳು ಪದರವನ್ನು ದಾಟಿ ತೇವ ಒಳಸೇರುತ್ತದೆ. ರಾಳದಲ್ಲಿ ಉಳಿದ ಕಣಗಳನ್ನು ಕರಗಿಸಿಕೊಂಡು, ಇನ್ನಷ್ಟು ನೀರನ್ನು ಸೆಳೆದು, ಗುಳ್ಳೆಯಾಗಿ ಉಬ್ಬುತ್ತದೆ. ಅದರ ಮೇಲೆ ಬಣ್ಣ ಬಳಿಯುವುದೆಂದರೆ ಕಳ್ಳನನ್ನು ಒಳಗಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ.

ಒಡೆಯ ಒಂದು ರಾತ್ರಿ ನಿದ್ದೆಗೆಟ್ಟ. ಬೆಳಗ್ಗೆ ಹೆಂಡತಿಯ ಬಳೆಗಳು ಸಹಕಾರಿ ಸಂಘದ ಕಪಾಟನ್ನು ಸೇರಿದವು. ದೋಣಿ ದಂಡೆಯಲ್ಲೇ ಉಳಿಯಿತು.

ಗುಳ್ಳೆಗಳನ್ನೆಲ್ಲ ಬಿಡಿಸಿ, ಸಿಹಿನೀರಿನಿಂದ ಮತ್ತೆ ಮತ್ತೆ ತೊಳೆದು, ಮೂರು ವಾರ ಒಣಗಿಸಿದರು: ಹಗಲು ಬಿಸಿಲು, ಇರುಳು ಟಾರ್ಪಾಲಿನ ಹೊದಿಕೆ. ಬಳಿಕ ಎಪಾಕ್ಸಿ ಪುಟ್ಟಿಯಿಂದ ಕುಳಿಗಳು ತುಂಬಿದವು. ಉಪ್ಪುಕಾಗದ ಹಿಡಿಯುವ ಮುನ್ನ ಮುದುಕ ಇಡೀ ಮೈಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿಸಿದ. ಮೇಣ, ಎಣ್ಣೆಗಳನ್ನು ತೆಗೆಯದೆ ಉಜ್ಜಿದರೆ ಅವು ಗೀರುಗಳೊಳಕ್ಕೇ ಸೇರುತ್ತವೆ. ಒಂದು ತಂಬಿಗೆ ನೀರು ಸುರಿದು ನೋಡಿದ. ಹನಿಹನಿಯಾಗಿ ನಿಲ್ಲದೆ ನೀರು ಹಾಳೆಯಂತೆ ಹರಡಿಕೊಂಡಾಗಲೇ ಅವನಿಗೆ ಸಮಾಧಾನ. ಆಮೇಲೆ 80ರ ಒರಟು ಕಾಗದ, ಕೊನೆಗೆ 220ರ ನಯ ಕಾಗದ. ತಳದ ಹಳೆಯ ತಾಮ್ರದ ಬಣ್ಣವನ್ನು ಮಾತ್ರ ನೀರು ಹಾಕುತ್ತಲೇ ಉಜ್ಜಿದರು. ಪಾಚಿಯನ್ನೂ ಚಿಪ್ಪುಗಳನ್ನೂ ದೂರವಿಡುವ ಆ ವಿಷ ಧೂಳಾದರೆ ಮನುಷ್ಯನ ಎದೆಗೂ ಇಳಿಯುತ್ತದೆ. ಮೂಗಿಗೆ ಮುಸುಕಿಲ್ಲದವರನ್ನು ಮುದುಕ ಹತ್ತಿರ ಸೇರಿಸಲಿಲ್ಲ.

ಬಣ್ಣ ಹಚ್ಚಿದ ಕೆಲಸ ಎಲ್ಲಕ್ಕಿಂತ ಚಿಕ್ಕದು. ಗಾಳಿಯ ತೇವ ನೂರಕ್ಕೆ 85ನ್ನು ಮೀರಿದರೆ ಬಳಿಯಬಾರದೆಂಬ ನಿಯಮ ಮುದುಕನಿಗೆ ಅಂಕಿಯಾಗಿ ತಿಳಿಯದು; ಇಬ್ಬನಿ ಆರಿದ ಮೇಲೆ ಕುಂಚ ಹಿಡಿದು, ಇಳಿಹೊತ್ತಿಗೆ ಕೆಳಗಿಡುತ್ತಿದ್ದ. ಒಂದು ಕೈ ಪ್ರೈಮರ್, ಮೇಲೆ ಎರಡು ಕೈ ನೀಲಿ, ತಳಕ್ಕೆ ತಾಮ್ರದ ಬಣ್ಣ. ಪ್ರತಿಯೊಂದಕ್ಕೂ ಡಬ್ಬಿ ಹೇಳಿದಷ್ಟು ಬಿಡುವು.

ಹಳದಿಯ ಹಣ ಪುಟ್ಟಿಗೆ ಹೋಗಿತ್ತು, ನವಿಲಿನ ಹಣ ಉಪ್ಪುಕಾಗದಕ್ಕೆ. ಮೂತಿಯ ಮೇಲೆ ಉಳಿದುದು ನೋಂದಣಿಯ ಸಂಖ್ಯೆಯೊಂದೇ. ಮಗಳು ಮುಖ ಸಣ್ಣದು ಮಾಡಿಕೊಂಡು ನಿಂತಳು. ಮುದುಕ ಅವಳ ಕೈ ಹಿಡಿದು, ಬೆರಳು ಮಡಿಸಿ, ತಟ್ಟುವುದನ್ನು ತೋರಿಸಿಕೊಟ್ಟ. ಅವಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಟ್ಟುತ್ತ ನಡೆದಳು. ಎಲ್ಲಿಯೂ ಸದ್ದು ಬದಲಾಗಲಿಲ್ಲ.

“ಮುಂದಿನ ವರ್ಷ ನವಿಲು” ಎಂದ ತಂದೆ. ಪಡುವಣ ಬಾನಿನಲ್ಲಿ ಮುಂಗಾರಿನ ಮೊದಲ ಮೋಡ ಕಾಣಿಸಿತ್ತು.