ಮಂಗನ ಕಾಯಿಲೆ: ಲಸಿಕೆಯ ತೂಕ ನೋಡುವವರು ಯಾರು?

ಅಡಿಕೆ ಕೊಯ್ಲು ಮುಗಿದು, ದರಗು ಗುಡಿಸಿ ಕೊಟ್ಟಿಗೆಗೆ ಹೊರುವ ಕಾಲ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸುಗಳಲ್ಲಿ ಮಾತಿನ ವಿಷಯ ಬದಲಾಗುತ್ತದೆ. ಮಳೆಗಾಲದಲ್ಲಿ ಲಿಂಗನಮಕ್ಕಿ ನೀರಿನ ಮಟ್ಟ, ಆಮೇಲೆ ಅಡಿಕೆ ರೇಟು, ಸಂಕ್ರಾಂತಿ ಹೊತ್ತಿಗೆ ಮಂಗ. ಎಲ್ಲಿ ಸತ್ತು ಬಿತ್ತು, ಯಾರ ಮನೆಯಲ್ಲಿ ಜ್ವರ, ಯಾರನ್ನು ಮಣಿಪಾಲಕ್ಕೆ ಒಯ್ದರು. ಜ್ವರ ಬಂದು ಮುದುಡಿ ಕೂತವನ ಪಕ್ಕದ ಸೀಟು ಮೆಲ್ಲಗೆ ಖಾಲಿಯಾಗುವುದೂ ಉಂಟು.

ಆ ಸೀಟಿನ ವಿಷಯ ಮೊದಲು ಹೇಳಿಬಿಡಬೇಕು. ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಪಕ್ಕದಲ್ಲಿ ಕೂತರೆ ಬರುವುದಿಲ್ಲ, ಅವನು ಮುಟ್ಟಿದ ನೋಟು ಗಲ್ಲಾಪೆಟ್ಟಿಗೆಗೆ ಹಾಕಿದರೆ ಬರುವುದಿಲ್ಲ. ಬರುವುದು ಉಣುಗು ಕಚ್ಚಿದರೆ; ಇಲ್ಲವೇ ಕಾಯಿಲೆ ಬಿದ್ದ ಮಂಗವನ್ನು, ಸತ್ತ ಮಂಗವನ್ನು ಬರಿಗೈಯಲ್ಲಿ ಮುಟ್ಟಿದರೆ. ಆದ್ದರಿಂದ ಕಾಡಂಚಿನ ಊರಿನವರು ಪೇಟೆಗೆ ಬಂದರೆ ಮುಖ ಸಿಂಡರಿಸುವುದಕ್ಕೆ ಕಾರಣವೇ ಇಲ್ಲ. ಆ ಜನ ಪೇಟೆಗೆ ಬರದಿದ್ದರೆ ಅಂಗಡಿಗಳಲ್ಲಿ ನೊಣ ಹೊಡೆಯಬೇಕಾಗುತ್ತದೆ ಎಂಬುದು ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಕಾಯಿಲೆ ಬೇರೆ ಊರಿನಿಂದ ಬಂದದ್ದಲ್ಲ. ಲೋಕಕ್ಕೆ ಇದರ ಗುರುತು ಸಿಕ್ಕಿದ್ದೇ ನಮ್ಮ ಜಿಲ್ಲೆಯಲ್ಲಿ. 1957ರಲ್ಲಿ, ಆಗಿನ ಮೈಸೂರು ರಾಜ್ಯದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೂ ಜ್ವರ. ಮೊದಲು ಟೈಫಾಯ್ಡ್ ಅಂದರು. ಹಳ್ಳಿಯವರು ಮಾತ್ರ ಮಂಗ ಸತ್ತದ್ದಕ್ಕೂ ಮನುಷ್ಯ ಮಲಗಿದ್ದಕ್ಕೂ ಗಂಟು ಹಾಕಿದರು. ಮಂಗನ ಕಾಯಿಲೆ ಎಂಬ ಹೆಸರು ಅವರ ಬಾಯಿಂದಲೇ ಬಂದದ್ದು. ರೋಗ ಪತ್ತೆಯಲ್ಲಿ ಮೊದಲ ಮಾರ್ಕು ಅವರಿಗೇ ಸಲ್ಲಬೇಕು.

ಸುದ್ದಿ ಪುಣೆಗೆ ಮುಟ್ಟಿದಾಗ ಅಲ್ಲಿಯ ವೈರಸ್ ಸಂಶೋಧನಾ ಕೇಂದ್ರದವರು ಬೆಚ್ಚಿದರು. ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ 1952ರಲ್ಲಿ ಶುರುವಾದ ಸಂಸ್ಥೆ ಅದು. ಮಂಗವೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ ಎಂದರೆ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಭಯ. ಡಾ. ಟೆಲ್ಫರ್ಡ್ ವರ್ಕ್ ಮತ್ತು ಅವರ ತಂಡದವರು ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ ತೆಗೆದು ನೋಡಿದರೆ ಅದು ಹಳದಿ ಜ್ವರವಲ್ಲ. ಅದರ ಹತ್ತಿರದ ನೆಂಟರು ಇದ್ದದ್ದು ರಷ್ಯಾದ ಹಿಮದ ಕಾಡುಗಳಲ್ಲಿ! ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ಹೊತ್ತು ತಂದವೇನೋ ಎಂದು ಗುಮಾನಿ ಎದ್ದು, ಪಕ್ಷಿತಜ್ಞ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ದೊಡ್ಡ ಕೆಲಸಕ್ಕೇ ಇಳಿದರು. ಗುಮಾನಿ ಸಾಬೀತಾಗಲಿಲ್ಲ. ಹಕ್ಕಿಗಳ ಬಗ್ಗೆ ಬೇಕಾದಷ್ಟು ತಿಳಿಯಿತು, ಅಷ್ಟೇ ಲಾಭ.

ಉಣುಗಿನ ಕತೆ ಮಾತ್ರ ಸರಿಯಾಗಿ ಸಿಕ್ಕಿತು. ಮರಿ ಉಣುಗುಗಳು ಇಲಿ, ಅಳಿಲು, ಮಂಗಗಳ ರಕ್ತ ಕುಡಿಯುತ್ತವೆ; ಬೆಳೆದವು ದನದಂಥ ದೊಡ್ಡ ಪ್ರಾಣಿ ಹತ್ತುತ್ತವೆ. ನಡುವಿನ ವಯಸ್ಸಿನವು, ಎಳ್ಳುಕಾಳಿನಷ್ಟಿರುವವು, ಡಿಸೆಂಬರಿನಿಂದ ಮೇ ತನಕ ಒಣ ಎಲೆಗಳ ನಡುವೆ ಕಾದು ಕೂತಿರುತ್ತವೆ. ದರಗಿಗೆ, ಸೌದೆಗೆ ಹೋದವರನ್ನು ಹಿಡಿಯುವುದು ಇವೇ. ವೈರಸ್ ಹೊತ್ತ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗೆಲ್ಲ ಅಲ್ಲೇ ಉದುರುತ್ತದೆ. ಹಾಗಾಗಿಯೇ ಸತ್ತ ಜಾಗದ ಸುತ್ತ 50 ಮೀಟರ್ ಮೆಲಾಥಿಯಾನ್ ಪುಡಿ ಹೊಡೆಯಬೇಕೆಂಬ ಸರ್ಕಾರಿ ನಿಯಮ. ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನ ಬಿಟ್ಟಲ್ಲೆಲ್ಲ ಉಣುಗಿಗೆ ಸುಗ್ಗಿಯಾಯಿತೆಂದು ಕೊಲಂಬಿಯಾದಿಂದ ಬಂದು ಇಲ್ಲಿ ಕೆಲಸ ಮಾಡಿದ ಡಾ. ಬೋಶೆಲ್ 1969ರಷ್ಟು ಹಿಂದೆಯೇ ಬರೆದರು. 1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಬೋಳಿಸಿದ ಕಡೆ ಕಾಯಿಲೆ ಭುಗಿಲೆದ್ದದ್ದು ಹಳಬರಿಗೆ ನೆನಪಿರಬಹುದು. 2012ರಲ್ಲಿ ಬಂಡೀಪುರದ ಕಾಡಿಗೆ, ಅಲ್ಲಿಂದಾಚೆಗೆ ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ಅದು ಹೋಯಿತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಏನಾಯಿತೆಂದು ಈ ಪತ್ರಿಕೆಯ ಓದುಗರಿಗೆ ಮತ್ತೆ ಹೇಳುವುದು ಬೇಡ.

ಈಗ ಪತ್ತೆಯ ಮಾತು. ದಿಢೀರ್ ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು, ವಾಂತಿ. ಇಷ್ಟನ್ನೇ ಹೇಳಿದರೆ ಡೆಂಗಿಯೂ ಆಗಬಹುದು, ಇಲಿ ಜ್ವರವೂ ಆಗಬಹುದು. ಮೊದಲ ಕೆಲವು ದಿನ ವೈರಸ್ ರಕ್ತದಲ್ಲೇ ಇರುತ್ತದೆ. ಆಗ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ದಿನ ಕಳೆದ ಮೇಲೆ ಕಳ್ಳ ಹೋಗಿ ಹೆಜ್ಜೆಗುರುತು ಮಾತ್ರ ಉಳಿಯುತ್ತದೆ. ಅದನ್ನು ನೋಡುವುದಕ್ಕೆ ಐಜಿಎಂ ಎಂಬ ಬೇರೆ ಪರೀಕ್ಷೆ. ಇವನ್ನೆಲ್ಲ ಪುಣೆಯವರು ರೂಢಿಗೆ ತಂದಿದ್ದಾರೆ, ಶಿವಮೊಗ್ಗದಲ್ಲೇ ಪ್ರಯೋಗಾಲಯವೂ ಇದೆ. ಆದರೆ ರಕ್ತ ಅಲ್ಲಿಗೆ ಹೊತ್ತಿಗೆ ಸರಿಯಾಗಿ, ತಣ್ಣನೆ ಪೆಟ್ಟಿಗೆಯಲ್ಲಿ ಬರಬೇಕಲ್ಲ? ಜ್ವರ ಬಂದವನು ಒಂದು ದಿನ ಕಷಾಯ ಕುಡಿಯುತ್ತಾನೆ, ಎರಡನೇ ದಿನ ಅಂಗಡಿಯಿಂದ ಗುಳಿಗೆ ತರಿಸುತ್ತಾನೆ, ಮೂರನೇ ದಿನ ಕೂಲಿ ಹೋಗುತ್ತದಲ್ಲಾ ಅಂತ ಕೆಲಸಕ್ಕೇ ಹೋಗುತ್ತಾನೆ. ಆಸ್ಪತ್ರೆ ಮೆಟ್ಟಿಲು ಹತ್ತುವ ಹೊತ್ತಿಗೆ ವಸಡಿನಲ್ಲಿ ರಕ್ತ.

ಗುಳಿಗೆ ಮಾರುವವರಿಗೆ ಇಲ್ಲಿ ಒಂದು ಮಾತು. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ ಜ್ವರಕ್ಕೆಂದು ಆಸ್ಪಿರಿನ್, ಬ್ರುಫೆನ್ ಜಾತಿಯ ನೋವಿನ ಗುಳಿಗೆ ಕೊಡಬಾರದು. ಕೊಡುವುದಿದ್ದರೆ ಪ್ಯಾರಾಸಿಟಮಾಲ್. ಕಾಡಂಚಿನ ಊರಿನವನು, ಇದೇ ಸೀಜನ್ನು, ಜೋರು ಜ್ವರ ಎಂದರೆ ಗುಳಿಗೆಗಿಂತ ಮೊದಲು ಆಸ್ಪತ್ರೆ ದಾರಿ ತೋರಿಸುವುದು ಒಳ್ಳೆಯದು. ಏಕೆಂದರೆ ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿನವರೆಗೆ ಇಲ್ಲ. ಡಾಕ್ಟರು ಮಾಡುವುದೆಲ್ಲ ಮೈಗೆ ಆಸರೆ ಕೊಡುವ ಕೆಲಸ: ಡ್ರಿಪ್ಪು, ಬಿ.ಪಿ. ನೋಡುವುದು, ಪ್ಲೇಟ್‌ಲೆಟ್ ಲೆಕ್ಕ, ರಕ್ತ ಬೇಕಾದರೆ ರಕ್ತ. ಬೇಗ ಬಂದವರಲ್ಲಿ ಹೆಚ್ಚಿನವರು ಎದ್ದು ಮನೆಗೆ ಹೋಗುತ್ತಾರೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆಂಬುದು ತಜ್ಞರ ಲೆಕ್ಕ. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರವಾದ ಮೇಲೆ ಮತ್ತೆ ಬರುತ್ತದೆ, ಆಗ ತಲೆಗೇರುತ್ತದೆ. ಜ್ವರ ಬಿಟ್ಟಿತಲ್ಲ ಅಂತ ಡಿಸ್ಚಾರ್ಜ್ ಚೀಟಿ ಮಡಚಿಟ್ಟವರು ಇದನ್ನು ಗಮನದಲ್ಲಿಡಬೇಕು.

ಔಷಧಿ ಇಲ್ಲದ ಕಾಯಿಲೆಗೆ ಲಸಿಕೆಯೇ ಗತಿ. ಈ ಲೇಖನದ ತಕರಾರು ಇರುವುದು ಅಲ್ಲೇ.

ಮೊದಮೊದಲು ರಷ್ಯಾದ ನೆಂಟ ವೈರಸ್ಸಿನ ಲಸಿಕೆಯನ್ನೇ ಇಲ್ಲಿಯವರಿಗೆ ಚುಚ್ಚಿ ನೋಡಿದರು, ನಾಟಲಿಲ್ಲ. 1960ರ ದಶಕದಲ್ಲಿ ಪುಣೆಯವರು ಕ್ಯಾಸನೂರಿನ ವೈರಸ್ಸನ್ನೇ ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಾಲಿನ್ನಿನಲ್ಲಿ ಕೊಂದು, ಲಸಿಕೆ ಮಾಡಿದರು. 1990ರಿಂದ 92ರ ತನಕ ರಾಜ್ಯದ ಮೂರು ಜಿಲ್ಲೆಗಳಲ್ಲಿ ಅದನ್ನು ಒರೆಗೆ ಹಚ್ಚಿದರು. ಎರಡು ಡೋಸ್ ಪಡೆದವರಿಗೆ ಶೇಕಡಾ 93.5ರಷ್ಟು ರಕ್ಷಣೆ ಎಂದು ಲೆಕ್ಕ ಬಂತು. ಒಂದೇ ಡೋಸಿಗೆ 79.3. ಒಳ್ಳೆಯ ಫಲಿತಾಂಶ, ಸಂಶಯವಿಲ್ಲ. ಆಮೇಲೆ ವರ್ಷವರ್ಷವೂ ಕಾಡಂಚಿನ ಊರುಗಳಲ್ಲಿ ಅದೇ ಲಸಿಕೆ. ಚುಚ್ಚಿದ ಜಾಗ ಉರಿಯುತ್ತದೆಂದು, ಬೂಸ್ಟರ್ ಮೇಲೆ ಬೂಸ್ಟರ್ ಎಂದು ಜನ ಗೊಣಗಿದರು, ಎಷ್ಟೋ ಮಂದಿ ತಪ್ಪಿಸಿಕೊಂಡರು. ತಪ್ಪಿಸಿಕೊಂಡವರನ್ನು ಬೈಯುವುದು ಸುಲಭವಾಗಿತ್ತು.

2005ರಿಂದ 2010ರ ತನಕದ ಅಂಕಿಗಳನ್ನು ಬೇರೆ ಸಂಶೋಧಕರು ಮತ್ತೆ ಕೂಡಿ ಕಳೆದು ನೋಡಿದರು. 2013ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಎರಡು ಡೋಸಿನ ರಕ್ಷಣೆ ಶೇಕಡಾ 62.4. ಬೂಸ್ಟರ್ ಸೇರಿದರೆ 82.9. ಇದನ್ನು ಅಂಗಡಿ ಭಾಷೆಯಲ್ಲಿ ಹೇಳುವುದಾದರೆ: ಲಸಿಕೆ ಇಲ್ಲದೆ ನೂರು ಜನರಿಗೆ ಕಾಯಿಲೆ ಬರುವಂತಿದ್ದರೆ, ಮೊದಲಿನ ಲೆಕ್ಕದಲ್ಲಿ ಎರಡು ಡೋಸಿನ ಮೇಲೂ ಬೀಳುವವರು ಆರೇಳು ಜನ. ಎರಡನೇ ಲೆಕ್ಕದಲ್ಲಿ ಮೂವತ್ತೇಳು, ಮೂವತ್ತೆಂಟು! ಅದೇ ಸೀಸೆ, ಅದೇ ಸೂಜಿ, ಅದೇ ಹೆಸರು. ಒಳಗಿನ ಸರಕಿನ ಕಸುವು ಮಾತ್ರ ಬೇರೆ.

ಸಂತೆಯಲ್ಲಿ ತಕ್ಕಡಿ ಹಿಡಿಯುವವನೂ ತನ್ನ ತೂಕದ ಕಲ್ಲನ್ನು ಇಲಾಖೆಗೆ ಒಯ್ದು ಮುದ್ರೆ ಒತ್ತಿಸಿಕೊಂಡು ಬರಬೇಕು. ಕಲ್ಲು ಸವೆದಿದ್ದರೆ ದಂಡ. ಮುದ್ರೆ ಇಲ್ಲದಿದ್ದರೆ ಇನ್‌ಸ್ಪೆಕ್ಟರು ಅಂಗಡಿಯ ಮುಂದೆ ಜೀಪು ನಿಲ್ಲಿಸುತ್ತಾರೆ. ಲಸಿಕೆಯ ಕಲ್ಲು ಇಷ್ಟು ಸವೆದಿದೆ ಎಂದು 2013ರಲ್ಲೇ ಅಚ್ಚಾದ ಮೇಲೂ ಸೂಜಿ ಚುಚ್ಚುವುದು ನಡೆದೇ ಇತ್ತು. ಲಸಿಕೆ ಹಾಕಿಸಿಕೊಂಡವರೂ ಜ್ವರ ಬಂದು ಮಲಗಿದರು. ಕೊನೆಗೆ ಅದು ನಿಂತದ್ದು 2022ರಲ್ಲಿ. ನಡುವಿನ ಒಂಬತ್ತು ವರ್ಷ ಆ ಸೂಜಿ ನಂಬಿ ಕಾಡಿಗೆ ಹೋದವರಿಗೆ ಯಾರು ಏನು ಹೇಳಿದರು? ನಿಮಗೆ ಹಾಕಿದ್ದರಲ್ಲಿ ಕಸುವು ಕಮ್ಮಿ, ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡಿ ಎಂದು ಮನೆ ಬಾಗಿಲಿಗೆ ಹೋಗಿ ಹೇಳಿದ್ದರೆ ಸಾಕಿತ್ತು. ಅದಕ್ಕೆ ಸಂಶೋಧನೆಯೂ ಬೇಡ, ಬಜೆಟ್ಟೂ ಬೇಡ.

ವಿಜ್ಞಾನಿಗಳನ್ನು ದೂರುವುದು ಇಲ್ಲಿಯ ಉದ್ದೇಶವಲ್ಲ. ಕಸುವು ಕಮ್ಮಿಯಾದದ್ದನ್ನು ಹುಡುಕಿದವರೂ ವಿಜ್ಞಾನಿಗಳೇ. ಈ ವೈರಸ್ಸಿನ ಮೇಲೆ ಕೆಲಸ ಮಾಡುತ್ತ ಪ್ರಯೋಗಾಲಯದಲ್ಲೇ ಕಾಯಿಲೆ ಅಂಟಿಸಿಕೊಂಡು ಮಲಗಿದ ಸಿಬ್ಬಂದಿಯ ಸಂಖ್ಯೆ ಸಣ್ಣದಲ್ಲ. ತಪ್ಪು ಇರುವುದು ಸಂಶೋಧನೆಯ ಕಾಗದಕ್ಕೂ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿಗೂ ನಡುವಿನ ದಾರಿಯಲ್ಲಿ. ಪುಣೆಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಶಿವಮೊಗ್ಗಕ್ಕೆ, ಅಲ್ಲಿಂದ ತಾಲೂಕಿಗೆ ಬರುವಷ್ಟರಲ್ಲಿ ಕಾಗದ ಎಲ್ಲೋ ಕೂತುಬಿಡುತ್ತದೆ.

ಇನ್ನೊಂದು ಕಾರಣವೂ ಉಂಟು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದು ಮಲೆನಾಡಿನ ಕೂಲಿಯವರ, ಸಣ್ಣ ಹಿಡುವಳಿದಾರರ ಕಾಯಿಲೆ. ವರ್ಷಕ್ಕೆ ಕೆಲವು ನೂರು ರೋಗಿಗಳು, ಅವರೂ ಜೇಬು ಖಾಲಿ ಇರುವವರು. ಇಂಥ ಕಡೆ ಔಷಧಿ ಕಂಪನಿಗೆ ಲಾಭ ಎಲ್ಲಿಂದ ಬರಬೇಕು? ಲೋಕಕ್ಕೆಲ್ಲ ಬಂದ ಕೊರೋನಾಕ್ಕೆ ಒಂದು ವರ್ಷದೊಳಗೆ ಲಸಿಕೆ ಬಂತು. 1957ರಲ್ಲಿ ಸಿಕ್ಕ ಕಾಯಿಲೆಗೆ ಇನ್ನೂ ಹುಡುಕಾಟ. ಆದ್ದರಿಂದ ಈ ಕೆಲಸ ಸರ್ಕಾರದ್ದೇ, ಬೇರೆ ಯಾರೂ ಮಾಡುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯ ಜೊತೆ ಹೊಸ ಲಸಿಕೆಗೆ ಕೈ ಹಾಕಿದೆ. ಒಳ್ಳೆಯ ಸುದ್ದಿಯೇ. ಆದರೆ ಲಸಿಕೆ ಎಂದರೆ ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಕೆಲವೇ ಆರೋಗ್ಯವಂತರ ಮೇಲೆ ಅಪಾಯವಿಲ್ಲವೇ ಎಂದು ನೋಡುವುದು, ಅದಾದ ಮೇಲೆ ಹೆಚ್ಚು ಜನರ ಮೇಲೆ. ಇದಕ್ಕೆ ಸಮಯ ಹಿಡಿಯುತ್ತದೆ. ವೇದಿಕೆ ಹತ್ತಿದ ಜನಪ್ರತಿನಿಧಿಗಳು ಮುಂದಿನ ಸೀಜನ್ನಿಗೆ ತಂದೇ ತರುತ್ತೇವೆ ಎಂದರೆ ನಂಬುವ ಮೊದಲು ಯಾವ ಹಂತದಲ್ಲಿದೆ ಎಂದು ಕೇಳಬೇಕು. ನಮ್ಮ ಊರಿನವರ ತೋಳಿಗೆ ಪರೀಕ್ಷೆಯ ಸೂಜಿ ಬರುವುದಾದರೆ ಇದು ಪರೀಕ್ಷೆ ಎಂದು ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಪ್ಪಿಗೆ ಪಡೆದೇ ಬರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವ ಹಳೆಯ ಚಾಳಿ ಬೇಡ.

ಲಸಿಕೆ ಬಂದ ಮೇಲೂ ಪ್ರತಿ ವರ್ಷ, ಪ್ರತಿ ಬ್ಯಾಚಿನ ಕಸುವಿನ ಪರೀಕ್ಷೆ ಏನಾಯಿತೆಂದು ಆರೋಗ್ಯ ಕೇಂದ್ರದ ಬೋರ್ಡಿನಲ್ಲಿ ಬರೆದು ಹಾಕಲಿ. ಎಷ್ಟು ಜನ ಹಾಕಿಸಿಕೊಂಡರು, ಹಾಕಿಸಿಕೊಂಡವರಲ್ಲಿ ಎಷ್ಟು ಜನ ಕಾಯಿಲೆ ಬಿದ್ದರು ಎಂಬ ಎರಡು ಸಾಲು ಸಾಕು. ಪಂಚಾಯ್ತಿ ಸದಸ್ಯರು ರಸ್ತೆ, ಚರಂಡಿ ಬಿಲ್ಲಿನ ಜೊತೆಗೆ ಅದನ್ನೂ ಕೇಳಲಿ.

ಅಲ್ಲಿಯ ತನಕ ಉಳಿದಿರುವುದು ಹಳೆಯ ದಾರಿ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ, ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ತಿಳಿಸಬೇಕು. ಎಣ್ಣೆ ಸೀಸೆ ಕೆಲವು ಕಡೆ ಸೀಜನ್ ಅರ್ಧ ಕಳೆದ ಮೇಲೆ ಬರುತ್ತದೆಂಬ ದೂರು ಕಾಡಂಚಿನಲ್ಲಿ ಹಳೆಯದು. ದರಗು ಡಿಸೆಂಬರಿನಲ್ಲೇ ಉದುರುತ್ತದೆ. ಸೀಸೆ ನವೆಂಬರಿನಲ್ಲಿ ಮನೆಗೆ ಮುಟ್ಟಬೇಕು.