ಚಾಲಕರ ಸಂಶಯವೂ ಮಾಲೀಕರ ಲೆಕ್ಕಪುಸ್ತಕವೂ

ಸರಕು ವಾಹನಗಳಿಗೆ ಜಿ.ಪಿ.ಎಸ್. ಉಪಕರಣ, ವೇಗ ನಿಯಂತ್ರಕ ಹಾಗೂ ಚಾಲಕನ ಎದುರಿಗೇ ಕ್ಯಾಮೆರಾ ಅಳವಡಿಸುವ ಪರಿಪಾಠವು ಈಗ ದೊಡ್ಡ ಸಾರಿಗೆ ಸಂಸ್ಥೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಎರಡು ಮೂರು ಟೆಂಪೋಗಳನ್ನು ಇಟ್ಟುಕೊಂಡು ಅಂಗಡಿ ಅಂಗಡಿಗೆ ಮಾಲು ತಲುಪಿಸುವ ಸಗಟು ವರ್ತಕರು ಮತ್ತು ಸ್ವಂತ ಲಾರಿಯಲ್ಲಿ ಸಿದ್ಧವಸ್ತು ಸಾಗಿಸುವ ಸಣ್ಣ ಉತ್ಪಾದಕರು ಸಹ ಇದಕ್ಕೆ ಹಣ ತೊಡಗಿಸುತ್ತಿದ್ದಾರೆ. ಆದರೆ ಬಹುತೇಕ ಮಾಲೀಕರ ದೂರು ಒಂದೇ ಬಗೆಯದು: ಉಪಕರಣದ ತಂತಿ ಪದೇ ಪದೇ ಕಳಚಿರುತ್ತದೆ, ಕ್ಯಾಮೆರಾಗೆ ಬಟ್ಟೆ ಮುಚ್ಚಿರುತ್ತದೆ, ಸುರಕ್ಷತೆಯ ಮಾತೆತ್ತಿದರೆ ಚಾಲಕರು ಮುಗುಳ್ನಕ್ಕು ಸುಮ್ಮನಾಗುತ್ತಾರೆ.

ಇದನ್ನು ಅಶಿಸ್ತು ಎಂದು ತಳ್ಳಿಹಾಕುವುದು ಸುಲಭ. ಆದರೆ ಚಾಲಕರ ಸಂಶಯಕ್ಕೆ ಕಾರಣವನ್ನು ಅವರ ಮನೋಭಾವದಲ್ಲಿ ಹುಡುಕುವ ಮೊದಲು ನಮ್ಮ ಲೆಕ್ಕಪುಸ್ತಕಗಳಲ್ಲಿ ಹುಡುಕುವುದು ಲೇಸೆಂಬುದು ನನ್ನ ಅಭಿಪ್ರಾಯ.

ಮಾಲೀಕರ ಕಳವಳ ಸಕಾರಣ

ಸುರಕ್ಷತಾ ಕ್ರಮಗಳ ಅಗತ್ಯ ನಿರ್ವಿವಾದ. ಕೇಂದ್ರ ಸರಕಾರದ ಅಂಕಿ ಅಂಶಗಳ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಮಂದಿ ಅಸುನೀಗಿದರು. ಈ ಸಾವುಗಳಲ್ಲಿ ಶೇಕಡಾ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಸೀಟ್ ಬೆಲ್ಟ್ ಧರಿಸದೆ ಸತ್ತವರೇ 16,715 ಮಂದಿ. ಹೀಗಿರುವಾಗ ಕೆಲವು ವಿನಾಯಿತಿಗಳನ್ನು ಬಿಟ್ಟು ಉಳಿದ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿ.ಮೀ. ಮಿತಿಯ ವೇಗ ನಿಯಂತ್ರಕವನ್ನು 2015ರಲ್ಲಿ ಕಡ್ಡಾಯಗೊಳಿಸಿದ್ದು ಸರಿಯಾದ ಕ್ರಮವೇ. ಡೀಸೆಲ್ ಕಳವು, ಅನಧಿಕೃತ ಬಾಡಿಗೆ, ಮದ್ಯಪಾನ ಮಾಡಿ ಚಾಲನೆ ಮುಂತಾದ ಪಿಡುಗುಗಳೂ ಕಟ್ಟುಕಥೆಗಳಲ್ಲ. ತನ್ನ ವಾಹನ ಎಲ್ಲಿದೆಯೆಂದು ತಿಳಿಯುವ ಹಕ್ಕು ಮಾಲೀಕನಿಗೆ ಇದ್ದೇ ಇದೆ.

ಎರಡು ಆದೇಶ, ಒಬ್ಬ ಚಾಲಕ

ಆದರೆ ಚಾಲಕನ ಸ್ಥಾನದಲ್ಲಿ ನಿಂತು ಒಂದು ಸರಳ ಲೆಕ್ಕ ಹಾಕೋಣ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ. ದೂರ. ರಾತ್ರಿ 9 ಗಂಟೆಗೆ ಲೋಡ್ ಮುಗಿದು, ಬೆಳಗಿನ 5 ಗಂಟೆಗೆ ಮಾಲು ಗೋದಾಮಿನ ಬಾಗಿಲಿನಲ್ಲಿ ಇರಬೇಕೆಂದು ಗ್ರಾಹಕರಿಗೆ ಮಾತು ಕೊಟ್ಟಿದ್ದೇವೆ ಎನ್ನೋಣ. ನಗರದ ದಟ್ಟಣೆಯಲ್ಲಿ ಮೊದಲ 20 ಕಿ.ಮೀ. ದಾಟಲು ಒಂದು ಗಂಟೆ, ಊಟ ಮತ್ತು ಚಹಾಕ್ಕೆ 45 ನಿಮಿಷ ಕಳೆದರೆ ಉಳಿಯುವುದು ಆರೂಕಾಲು ಗಂಟೆ. ಅಷ್ಟರಲ್ಲಿ 390 ಕಿ.ಮೀ. ಕ್ರಮಿಸಲು ಗಂಟೆಗೆ ಸರಾಸರಿ 62 ಕಿ.ಮೀ. ವೇಗ ಬೇಕು. ಟೋಲ್ ಕೇಂದ್ರ, ರಸ್ತೆ ದುರಸ್ತಿ, ಊರೊಳಗಿನ ಉಬ್ಬುಗಳ ನಡುವೆ ತುಂಬಿದ ಲಾರಿ ಈ ಸರಾಸರಿಯನ್ನು ಕಾಯ್ದುಕೊಳ್ಳಬೇಕಾದರೆ ಸಿಕ್ಕ ಕಡೆಯಲ್ಲೆಲ್ಲ ಮಿತಿಯ ಅಂಚಿನಲ್ಲೇ ಓಡಬೇಕು. ಕಣ್ಣು ಭಾರವಾದರೆ ಬದಿಗೆ ನಿಲ್ಲಿಸುವಂತಿಲ್ಲ.

ವಾಹನದಲ್ಲಿರುವ ಉಪಕರಣ ನಿಧಾನವಾಗಿ ಹೋಗೆನ್ನುತ್ತದೆ, ಕಛೇರಿಯಿಂದ ಬರುವ ದೂರವಾಣಿ ಕರೆ ಎಲ್ಲಿದ್ದೀಯಾ ಎನ್ನುತ್ತದೆ. ತೊಟ್ಟಿಲು ತೂಗುವ ಕೈಯೇ ಮಗುವನ್ನು ಚಿವುಟುವುದೆಂದರೆ ಇದೇ. ಸೋಜಿಗವೆಂದರೆ ಇದೇ ಪ್ರಯಾಣಕ್ಕೆ ಸರಕಾರ ಹೆಚ್ಚು ಉದಾರವಾಗಿದೆ. ಜಿ.ಎಸ್.ಟಿ. ನಿಯಮಗಳಂತೆ 2021ರ ಜನವರಿ 1ರಿಂದ ಇ-ವೇ ಬಿಲ್ಲಿನ ಅವಧಿ ಪ್ರತಿ 200 ಕಿ.ಮೀ. ಅಥವಾ ಅದರ ಭಾಗಕ್ಕೆ ಒಂದು ದಿನ. ಅಂದರೆ 410 ಕಿ.ಮೀ.ಗೆ ಮೂರು ದಿನ. ತೆರಿಗೆ ಇಲಾಖೆ ಮೂರು ದಿನ ನೀಡಿದ ಹಾದಿಗೆ ನಾವು ಎಂಟು ಗಂಟೆ ನೀಡುತ್ತಿದ್ದೇವೆ.

ಇನ್ನು ಸಂಭಾವನೆಯ ಪ್ರಶ್ನೆ. ಲೆಕ್ಕಪರಿಶೋಧನೆಗೆ ಬರುವ ವೋಚರುಗಳನ್ನು ನೋಡಿದರೆ ಚಾಲಕನ ಗಳಿಕೆಯ ಗಣನೀಯ ಭಾಗ ಟ್ರಿಪ್ಪಿನ ಲೆಕ್ಕದ ಬಾಟಾ ಆಗಿರುವುದೇ ಹೆಚ್ಚು. ಹೆಚ್ಚು ಟ್ರಿಪ್ಪಿಗೆ ಹೆಚ್ಚು ಬಾಟಾ, ತಡವಾದರೆ ಕಡಿತ, ಗೋದಾಮಿನ ಮುಂದೆ ನಾಲ್ಕು ಗಂಟೆ ಕಾದರೆ ಏನೂ ಇಲ್ಲ. ಗೋಡೆಯ ಮೇಲಿನ ಫಲಕದಲ್ಲಿ ಸುರಕ್ಷತೆಯೇ ಮೊದಲು ಎಂದು ಬರೆದಿದ್ದರೂ ವೋಚರಿನಲ್ಲಿ ಬರೆದಿರುವುದು ವೇಗವೇ ಮೊದಲು ಎಂದು. ಚಾಲಕ ನಂಬುವುದು ವೋಚರನ್ನು.

ಹೊರದೇಶಗಳ ಅನುಭವ

ಈ ಸಂಶಯ ನಮ್ಮ ಚಾಲಕರಿಗೇ ವಿಶಿಷ್ಟವಾದುದಲ್ಲ. ವೇಗ ಮತ್ತು ಚಾಲನೆಯ ಅವಧಿಯನ್ನು ದಾಖಲಿಸುವ ಟ್ಯಾಕೋಗ್ರಾಫ್ ಉಪಕರಣವನ್ನು 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ತರಲು ಹೊರಟಾಗ ಅಲ್ಲಿನ ಲಾರಿ ಚಾಲಕರು ಅದನ್ನು ಕ್ಯಾಬಿನ್ನಿನೊಳಗಿನ ಗೂಢಚಾರ ಎಂದು ಕರೆದು ವಿರೋಧಿಸಿದರು. ನಿಯಮವನ್ನು ಜಾರಿಗೊಳಿಸದ ಬ್ರಿಟನ್ನಿನ ವಿರುದ್ಧ 1979ರಲ್ಲಿ ಐರೋಪ್ಯ ನ್ಯಾಯಾಲಯ ತೀರ್ಪು ನೀಡಬೇಕಾಯಿತು. ಆದರೆ ಅಲ್ಲಿಯ ವ್ಯವಸ್ಥೆ ಉಪಕರಣಕ್ಕಷ್ಟೇ ನಿಲ್ಲಲಿಲ್ಲ. ಐರೋಪ್ಯ ಒಕ್ಕೂಟದ 2006ರ ನಿಯಮಾವಳಿಯ ಪ್ರಕಾರ ನಾಲ್ಕೂವರೆ ಗಂಟೆ ಚಾಲನೆಯ ನಂತರ 45 ನಿಮಿಷಗಳ ವಿರಾಮ ಕಡ್ಡಾಯ. ಅದಕ್ಕಿಂತ ಮುಖ್ಯವಾಗಿ, ರಸ್ತೆ ಸುರಕ್ಷತೆಗೆ ಅಪಾಯ ತರುವಂತೆ ಕ್ರಮಿಸಿದ ದೂರ ಅಥವಾ ಸಾಗಿಸಿದ ಸರಕಿನ ಪ್ರಮಾಣವನ್ನು ಆಧರಿಸಿ ಚಾಲಕನಿಗೆ ಬೋನಸ್ ಕೊಡುವುದನ್ನೇ ಅದು ನಿಷೇಧಿಸಿದೆ. ಚಾಲಕನ ಉಲ್ಲಂಘನೆಗೆ ಸಂಸ್ಥೆಯೂ ಹೊಣೆ. ಹೀಗಾಗಿ ಅದೇ ದಾಖಲೆ ಚಾಲಕನನ್ನು ಹಿಡಿಯುವ ಬಲೆಯಾಗಿರುವಂತೆ, ಅತಿಯಾದ ದುಡಿಮೆಯ ವಿರುದ್ಧ ಅವನ ಕೈಯಲ್ಲಿನ ಸಾಕ್ಷ್ಯವೂ ಆಯಿತು.

ಇದಕ್ಕೆ ಹೋಲಿಸಬಹುದಾದ ಮತ್ತೊಂದು ಉದಾಹರಣೆ 2021ರದು. ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆ ತನ್ನ ವಿತರಣಾ ವ್ಯಾನುಗಳಿಗೆ ಕ್ಯಾಮೆರಾ ಅಳವಡಿಸಿತು. ಅದನ್ನು ರೂಪಿಸಿದ ನೆಟ್ರಡೈನ್ ಕಂಪನಿಗೆ ನಮ್ಮ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಅಪಘಾತ ಕಡಿಮೆಯಾಗುತ್ತದೆಂದು ಸಂಸ್ಥೆ ಹೇಳಿತು. ಬೇರೊಂದು ಕಾರು ಅಡ್ಡ ನುಗ್ಗಿದಾಗಲೂ ತಪ್ಪು ತಮ್ಮ ಹೆಸರಿಗೇ ಬೀಳುತ್ತದೆಂದು ಚಾಲಕರು ಹೇಳಿದರು. ಅಂಕ ಕಡಿಮೆಯಾದರೆ ಹಣಕ್ಕೆ ಕುತ್ತು. ಯಂತ್ರದ ತೀರ್ಪನ್ನು ಪ್ರಶ್ನಿಸುವ ದಾರಿ ಕಿರಿದಾಗಿದ್ದರೆ ಒಳ್ಳೆಯ ಉಪಕರಣವೂ ನಂಬಿಕೆ ಗಳಿಸದು ಎಂಬುದೇ ಇದರ ಪಾಠ.

ಕಾನೂನು ಯಾರನ್ನು ನೋಡುತ್ತದೆ?

ಹೊಣೆಯೆಲ್ಲ ಚಾಲಕನದೇ ಎಂದು ಭಾವಿಸುವವರು 1988ರ ಮೋಟಾರು ವಾಹನ ಕಾಯ್ದೆಯ 113ನೇ ಪ್ರಕರಣವನ್ನು ಗಮನಿಸಬೇಕು. ಮಿತಿಮೀರಿದ ಭಾರದ ವಾಹನವನ್ನು ಮಾಲೀಕನಲ್ಲದವನು ಚಲಾಯಿಸುತ್ತಿದ್ದರೆ, ಅಪರಾಧವು ಮಾಲೀಕನ ಅರಿವಿನಿಂದ ಅಥವಾ ಆದೇಶದಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸಬಹುದು. 2019ರ ತಿದ್ದುಪಡಿಯ ಬಳಿಕ ಇದರ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಮೂರು ಟನ್ ಹೆಚ್ಚಾದರೆ 26,000 ರೂಪಾಯಿ. ಇಂತಹ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರ ವೆಚ್ಚವಾಗಿ ಕಳೆಯಲೂ ಬಾರದು.

ದುಡಿಮೆಯ ಅವಧಿಯ ವಿಷಯದಲ್ಲೂ ಅಷ್ಟೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯ್ದೆಯ ಸ್ಥಾನಕ್ಕೆ ಬಂದಿದ್ದು, ದಿನಕ್ಕೆ 8 ಗಂಟೆಗಳ ತತ್ವವನ್ನು ಉಳಿಸಿಕೊಂಡಿದೆ. ಸಣ್ಣ ಸಂಸ್ಥೆಗಳು ಇದರ ವ್ಯಾಪ್ತಿಯಿಂದ ಹೊರಗುಳಿದರೂ ನಿದ್ರೆಗೆ ಅಂತಹ ವಿನಾಯಿತಿ ಇಲ್ಲ. ಮೇಲಿನ ಹುಬ್ಬಳ್ಳಿ ಪ್ರಯಾಣದಲ್ಲಿ ಲೋಡಿಂಗ್ ಮತ್ತು ಕಾಯುವ ಹೊತ್ತನ್ನು ಸೇರಿಸಿದರೆ ಒಬ್ಬ ಚಾಲಕನ ದಿನ ಎಂದೋ ಮುಗಿದಿರುತ್ತದೆ. ಇಷ್ಟೆಲ್ಲವೂ ಜಿ.ಪಿ.ಎಸ್. ದಾಖಲೆಯಲ್ಲಿ ಅಚ್ಚಾಗಿರುತ್ತದೆ. ಅಪಘಾತವಾದ ದಿನ ಆ ದಾಖಲೆ ಮಾಲೀಕನ ವಿರುದ್ಧವೂ ಮಾತನಾಡೀತು ಎಂಬುದನ್ನು ನಾವು ಮರೆಯಬಾರದು.

ಮಾಡಬಹುದಾದುದೇನು?

ಆಂತರಿಕ ನಿಯಂತ್ರಣವು ತೋರಿಕೆಗಾಗಿ ಇದೆಯೆಂದು ಸಿಬ್ಬಂದಿಗೆ ಅನ್ನಿಸಿದ ಮರುದಿನವೇ ಅದನ್ನು ದಾಟುವ ದಾರಿ ಹುಟ್ಟಿಕೊಳ್ಳುತ್ತದೆ. ಇದು ನಗದು ಪೆಟ್ಟಿಗೆಗೆ ಅನ್ವಯಿಸುವಂತೆ ವಾಹನಕ್ಕೂ ಅನ್ವಯಿಸುತ್ತದೆ. ಆದ್ದರಿಂದ ನಮ್ಮ ವರ್ತಕ ಬಾಂಧವರು ಈ ಕೆಳಗಿನ ಕ್ರಮಗಳನ್ನು ಪರಿಶೀಲಿಸಬಹುದು.

ಮೊದಲನೆಯದಾಗಿ, ಉಪಕರಣ ಕೊಳ್ಳುವ ಮೊದಲು ವೇಳಾಪಟ್ಟಿಯನ್ನು ತಿದ್ದಬೇಕು. ಸುರಕ್ಷಿತ ವೇಗದಲ್ಲಿ ಸಾಧ್ಯವಾಗದ ಸಮಯವನ್ನು ಗ್ರಾಹಕರಿಗೆ ವಾಗ್ದಾನ ಮಾಡಬಾರದು, ಮಾಡಲೇಬೇಕಾದರೆ ಎರಡನೆಯ ಚಾಲಕನ ವೆಚ್ಚವನ್ನು ಸಾಗಣೆ ದರದಲ್ಲಿ ಸೇರಿಸಬೇಕು. ಎರಡನೆಯದಾಗಿ, ಟ್ರಿಪ್ ಬಾಟಾದ ಒಂದು ಭಾಗವನ್ನಾದರೂ ದಿನದ ಬಾಟಾವಾಗಿ ಬದಲಿಸಿ, ಕಾಯುವ ಗಂಟೆಗಳಿಗೂ ಬೆಲೆ ಕಟ್ಟಬೇಕು. ಮೂರನೆಯದಾಗಿ, ಏನನ್ನು ದಾಖಲಿಸಲಾಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡಲಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಚಾಲಕನಿಗೆ ಕೊಡಬೇಕು. ವೇದಿಕೆ ಆಧಾರಿತ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ತಂದ ಕಾಯ್ದೆಯು ಸ್ವಯಂಚಾಲಿತ ನಿಗಾ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೆ ಮಾಹಿತಿ ನೀಡಬೇಕೆನ್ನುತ್ತದೆ. ನಮಗೆ ಅದು ಅನ್ವಯಿಸದಿದ್ದರೂ ಅದರ ನೀತಿ ಅನುಕರಣೀಯ.

ನಾಲ್ಕನೆಯದಾಗಿ, ದಾಖಲೆಯ ಆಧಾರದ ಮೇಲೆ ಹಣ ಕಡಿತ ಮಾಡುವ ಮುನ್ನ ಚಾಲಕನ ವಿವರಣೆಯನ್ನು ಕೇಳಬೇಕು. ಕಡೆಯದಾಗಿ, ಸವೆದ ಟಯರು, ಸಡಿಲ ಬ್ರೇಕು, ಕೆಟ್ಟ ದೀಪಗಳ ಬಗ್ಗೆ ಚಾಲಕ ಬರೆದ ದೂರಿಗೆ ದಿನಾಂಕ ಸಹಿತ ಉತ್ತರ ದೊರೆಯಬೇಕು. ಬ್ರೇಕಿನ ದೂರು ಮೂರು ವಾರ ಮೂಲೆಯಲ್ಲಿದ್ದು, ವೇಗದ ನೋಟೀಸು ಮೂರು ನಿಮಿಷದಲ್ಲಿ ಬಂದರೆ, ಸುರಕ್ಷತೆ ಯಾರಿಗಾಗಿ ಎಂಬುದನ್ನು ಚಾಲಕನಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಇವೆಲ್ಲಕ್ಕೂ ಖರ್ಚಿದೆ, ನಿಜ. ಆದರೆ ಅನುಭವಿ ಚಾಲಕನೊಬ್ಬ ಬಿಟ್ಟು ಹೋದರೆ ಆಗುವ ನಷ್ಟ, ನಿಂತ ವಾಹನದ ಸಾಲದ ಕಂತು, ನ್ಯಾಯಮಂಡಳಿಯ ಅಲೆದಾಟ ಇವೂ ಖರ್ಚುಗಳೇ. ಪುಸ್ತಕದಲ್ಲಿ ಅವಕ್ಕೆ ಪ್ರತ್ಯೇಕ ಶೀರ್ಷಿಕೆ ಇಲ್ಲವಷ್ಟೆ. ಸೀಟ್ ಬೆಲ್ಟ್ ಧರಿಸಲು ಒಲ್ಲದ ಚಾಲಕನಿಗೆ ಯಾವ ಸಮರ್ಥನೆಯೂ ಇಲ್ಲ, ಅದನ್ನು ಕಟ್ಟುನಿಟ್ಟಾಗಿ ಹೇಳಲೇಬೇಕು. ಹಾಗೆ ಹೇಳುವ ನೈತಿಕ ಬಲ ಬರುವುದು ಮಾತ್ರ, ಅವನ ಬಾಟಾ ಚೀಟಿಯೂ ವೇಳಾಪಟ್ಟಿಯೂ ಅದೇ ಮಾತನ್ನು ಹೇಳಿದಾಗ.