ಉಪ್ಪು ತಿಂದ ಸೂರು

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ನಮ್ಮ ಹಿರಿಯರ ಮಾತು. ರಾಜಧಾನಿ ಪ್ರದೇಶದ ಎರಡು ವಸತಿ ಸಮುಚ್ಚಯಗಳ ವಿಷಯದಲ್ಲಿ ಈ ಗಾದೆ ತಿರುವುಮುರುವಾಗಿದೆ. ಅಲ್ಲಿ ಉಪ್ಪು ತಿಂದದ್ದು ಕಾಂಕ್ರೀಟು. ನೀರು ಕುಡಿಯಬೇಕಾಗಿ ಬಂದದ್ದು ದುಡ್ಡು ಕೊಟ್ಟು ಮನೆ ಕೊಂಡವರು.

2022ರ ಫೆಬ್ರವರಿ 10ರಂದು ಗುರುಗ್ರಾಮದ 109ನೆಯ ಸೆಕ್ಟರಿನ ಚಿಂಟೆಲ್ಸ್ ಪ್ಯಾರಡೈಸೊ ಸಮುಚ್ಚಯದ ‘ಡಿ’ ಗೋಪುರದಲ್ಲಿ, ಆರನೆಯ ಮಹಡಿಯ ಮನೆಯೊಂದರ ದುರಸ್ತಿ ನಡೆಯುತ್ತಿದ್ದಾಗ ನೆಲ ಕುಸಿಯಿತು. ಬಹುಮಹಡಿ ಕಟ್ಟಡದಲ್ಲಿ ಮೇಲಿನವರ ನೆಲವೇ ಕೆಳಗಿನವರ ಸೂರು. ಒಂದರ ಮೇಲೊಂದರಂತೆ ಸ್ಲ್ಯಾಬುಗಳು ಬಿದ್ದು ಮೊದಲನೆಯ ಮಹಡಿಯವರೆಗೂ ಹಾನಿಯಾಯಿತು. ಇಬ್ಬರು ಮಹಿಳೆಯರು ಪ್ರಾಣ ಕಳೆದುಕೊಂಡರು. ದೆಹಲಿಯ ಐಐಟಿ ತಜ್ಞರು ಕಟ್ಟಡವನ್ನು ಪರೀಕ್ಷಿಸಿ, ಕಾಂಕ್ರೀಟಿನಲ್ಲಿ ಕ್ಲೋರೈಡ್ ಸೇರಿಕೊಂಡು ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆಯೆಂದೂ ಗೋಪುರವನ್ನು ದುರಸ್ತಿ ಮಾಡಿ ಉಳಿಸಿಕೊಳ್ಳುವುದು ಕಾರ್ಯಸಾಧ್ಯವಲ್ಲವೆಂದೂ ವರದಿ ಕೊಟ್ಟರು. ತರುವಾಯ ಬೇರೆ ಗೋಪುರಗಳೂ ವಾಸಕ್ಕೆ ಅಪಾಯಕಾರಿಯೆನಿಸಿದವು.

ಕ್ಲೋರೈಡ್ ಎಂದರೆ ಉಪ್ಪಿನಲ್ಲಿರುವ ಅಂಶವೇ. ಒಳ್ಳೆಯ ಕಾಂಕ್ರೀಟು ಕ್ಷಾರಗುಣದ್ದು. ಅದು ಕಬ್ಬಿಣದ ಸರಳುಗಳ ಸುತ್ತ ಒಂದು ತೆಳುವಾದ ರಕ್ಷಾಕವಚವನ್ನು ಕಟ್ಟುತ್ತದೆ. ಕ್ಲೋರೈಡ್ ಆ ಕವಚವನ್ನು ಒಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿಯುತ್ತದೆ. ಆದಕಾರಣವೇ ಭಾರತೀಯ ಮಾನಕ 456, ಕಬ್ಬಿಣ ಸೇರಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದೆಂದು ವಿಧಿಸಿದೆ. ಮುಂಬಯಿಯ ನಾವು ಕಡಲ ಗಾಳಿಯನ್ನು ದೂರಬಹುದು. ಗುರುಗ್ರಾಮಕ್ಕೆ ಕಡಲೆಲ್ಲಿ ಬಂತು? ಅಲ್ಲಿಯ ಉಪ್ಪು ಕಟ್ಟುವಾಗಲೇ ಬೆರೆತದ್ದು.

ಹಾಗಿದ್ದರೆ ಪರಿಹಾರವೆಷ್ಟು? ಗುರುಗ್ರಾಮದಲ್ಲಿ ಚದರಡಿಗೆ 6,500 ರೂಪಾಯಿ, ಜೊತೆಗೆ ಮುದ್ರಾಂಕ ಶುಲ್ಕ ಹಾಗೂ ಒಳಾಂಗಣದ ವೆಚ್ಚ ಎಂಬ ಲೆಕ್ಕ ಮುಂದಕ್ಕೆ ಬಂತು. ಕೆಲವರು ಒಪ್ಪಿದರು, ಹಲವರು ಒಪ್ಪದೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಒಪ್ಪದವರದು ದುರಾಸೆಯೆಂದು ನಮಗೆ ಅನ್ನಿಸುವುದಿಲ್ಲ. ದ್ವಾರಕಾ ಎಕ್ಸ್‌ಪ್ರೆಸ್ ರಸ್ತೆಯ ಆಸುಪಾಸಿನಲ್ಲಿ ಬೆಲೆ ಏರುತ್ತಲೇ ಇದ್ದಾಗ, ಕೈಗೆ ಬಂದ ಹಣದಲ್ಲಿ ಅಲ್ಲಿಯೇ ಅಷ್ಟೇ ದೊಡ್ಡ ಇನ್ನೊಂದು ಮನೆ ಸಿಗಬೇಕಲ್ಲವೆ? ಕಳೆದುಕೊಂಡದ್ದು ಮನೆ, ಹಿಂದಿರುಗಿ ಬರಬೇಕಾದದ್ದೂ ಮನೆಯೇ.

ಈ ದೃಷ್ಟಿಯಿಂದ ದೆಹಲಿಯ ಮುಖರ್ಜಿ ನಗರದ ಸಿಗ್ನೇಚರ್ ವ್ಯೂ ಪ್ರಕರಣ ಹೆಚ್ಚು ಸಮಂಜಸವಾದ ದಾರಿಯನ್ನು ತೋರಿತು. ಇಲ್ಲಿ 336 ಮನೆಗಳನ್ನು ಕಟ್ಟಿಸಿದ್ದು ಖಾಸಗಿ ಬಿಲ್ಡರ್ ಅಲ್ಲ, ಸಾಕ್ಷಾತ್ ದೆಹಲಿ ಅಭಿವೃದ್ಧಿ ಪ್ರಾಧಿಕಾರ. ಸರಕಾರಿ ಮುದ್ರೆಯನ್ನು ನಂಬಿ ಹಣ ಹೂಡಿದವರಿಗೂ ಗಾರೆ ಉದುರುವ ಭಾಗ್ಯವೇ! 2024ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಕಟ್ಟಡಗಳನ್ನು ಕೆಡವಿ ಮತ್ತೆ ಕಟ್ಟುವ ದಾರಿಯನ್ನು ಎತ್ತಿಹಿಡಿದು, ಅಲ್ಲಿಯವರೆಗೆ ದೊಡ್ಡ ಮನೆಗಳವರಿಗೆ ತಿಂಗಳಿಗೆ 50,000 ಮತ್ತು ಮಧ್ಯಮ ಮನೆಗಳವರಿಗೆ 38,000 ರೂಪಾಯಿ ಬಾಡಿಗೆಯನ್ನು ಪ್ರಾಧಿಕಾರವೇ ಕೊಡಬೇಕೆಂದಿತು. ಮನೆಗೆ ಮನೆ, ನಡುವಿನ ದಿನಗಳಿಗೆ ಬಾಡಿಗೆ. ನ್ಯಾಯವಾದ ಲೆಕ್ಕ ಇದೇ. ಇಂಥ ಪ್ರಾಧಿಕಾರಗಳನ್ನೂ ಗ್ರಾಹಕ ನ್ಯಾಯಾಲಯಕ್ಕೆ ಎಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲೇ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ, ತೀರ್ಪಿತ್ತಿತ್ತು.

ಕಾನೂನಿನ ತೊಡಕು ಇರುವುದು ಕಾಲಮಿತಿಯಲ್ಲಿ. 2016ರ ರೇರಾ ಕಾಯಿದೆಯ 14ನೆಯ ಕಲಮಿನಂತೆ, ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ದೋಷವನ್ನು ಬಿಲ್ಡರನ ಗಮನಕ್ಕೆ ತಂದರೆ ಆತ ಮೂವತ್ತು ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಮಹಾರಾಷ್ಟ್ರದ 1963ರ ಫ್ಲ್ಯಾಟು ಕಾಯಿದೆಯಲ್ಲಿ ಈ ಅವಧಿ ಮೂರೇ ವರ್ಷವಿತ್ತು. ಆ ಮಟ್ಟಿಗೆ ಸುಧಾರಣೆ ನಿಜ. ಆದರೆ ತುಕ್ಕಿಗೆ ಕಾಯಿದೆ ಗೊತ್ತಿಲ್ಲ. ಅದು ಆರನೆಯ ವರ್ಷವೋ ಹತ್ತನೆಯ ವರ್ಷವೋ ಹೊರಗೆ ಕಾಣಿಸಿಕೊಂಡೀತು. ಗೋಡೆಗೆ ಬಳಿದ ಬಣ್ಣಕ್ಕೂ ಸೂರನ್ನು ಹೊತ್ತ ಕಾಂಕ್ರೀಟಿಗೂ ಒಂದೇ ಐದು ವರ್ಷವೆನ್ನುವುದು ನಮಗೆ ಸರಿಕಾಣದು. ಕಟ್ಟಡದ ಅಸ್ಥಿಪಂಜರಕ್ಕೆ ಪ್ರತ್ಯೇಕವಾದ ದೀರ್ಘ ಅವಧಿ ಬೇಕು.

ಕಾಯಿದೆ ಬದಲಾಗುವವರೆಗೆ ಇರುವ ಐದು ವರ್ಷಗಳನ್ನಾದರೂ ವ್ಯರ್ಥಗೊಳಿಸಬಾರದು. ಸೂರಿನಲ್ಲಿ ಕಂದುಬಣ್ಣದ ಕಲೆ, ಉದ್ದುದ್ದನೆಯ ಬಿರುಕು ಕಂಡರೆ, ಮಳೆಗಾಲಕ್ಕೆ ಮುಂಚೆ ಗಾರೆ ಮೆತ್ತಿ ಬಣ್ಣ ಬಳಿದು ಮುಚ್ಚಿಬಿಡುವುದು ನಮ್ಮ ಸೊಸೈಟಿಗಳಲ್ಲಿ ರೂಢಿ. ನೆಂಟರ ಕಣ್ಣಿಗೆ ಬೀಳದಿರಲೆಂಬ ಸಂಕೋಚವೂ ಅದರಲ್ಲಿ ಸೇರಿರುತ್ತದೆ. ಆದರೆ ಮುಚ್ಚಿದ್ದು ಸಾಕ್ಷ್ಯವನ್ನು ಎಂಬುದು ತಿಳಿಯುವಾಗ ತಡವಾಗಿರುತ್ತದೆ. ಕೊಂಡವರು ಮೊದಲು ದಿನಾಂಕಸಹಿತ ಛಾಯಾಚಿತ್ರ ತೆಗೆಯಿಸಿ, ಸ್ಪೀಡ್ ಪೋಸ್ಟಿನಲ್ಲಿ ಬಿಲ್ಡರನಿಗೆ ಪತ್ರ ಬರೆಯಬೇಕು. ಸೊಸೈಟಿಯ ಸಭೆಯಲ್ಲಿ ಠರಾವು ಮಾಡಿ ಕಾಂಕ್ರೀಟಿನ ತುಣುಕನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಖರ್ಚು ಹಂಚಿಕೊಂಡರೆ ಹಗುರ. ಮನೆಯ ಬೀಗದಕೈ ಪಡೆದ ದಿನದ ಸ್ವಾಧೀನ ಪತ್ರ ಎಲ್ಲಿದೆಯೆಂದು ಇಂದೇ ಕಪಾಟಿನಲ್ಲಿ ಹುಡುಕಿ ನೋಡಿ. ಐದು ವರ್ಷಗಳ ಎಣಿಕೆ ಆ ದಿನಾಂಕದಿಂದಲೇ ಶುರುವಾಗುತ್ತದೆ.